ಚೀನದ ಕಂಚಿನ ಪೂಜಾಪಾತ್ರೆಗಳು

ಒಂದು ಕಲಾಕೃತಿಯನ್ನು ಅದು ಯಾವ ಕಾರ್ಯಕ್ಕಾಗಿ ಹುಟ್ಟಿತೋ ಆ ಕಾರ್ಯದಿಂದ ಬೇರ್ಪಡಿಸಿ ವಿಮರ್ಶಿಸಬಹುದೇ? ಚೀನ ದೇಶದ ಪುರಾತನ ಕಂಚಿನ ಪಾತ್ರೆಗಳನ್ನು ಕುರಿತು ಬರೆಯಹೊರಟವರು ಮೊದಲು ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುವುದು. ಷಾಂಗ್ ಮತ್ತು ಝೌ ಅರಸುಮನೆತನಗಳ ಕಾಲದಲ್ಲಿ, ಎಂದರೆ ಕ್ರಿಸ್ತಪೂರ್ವದ ಎರಡನೆಯ ಮತ್ತು ಒಂದನೆಯ ಸಹಸ್ರವರ್ಷಗಳಲ್ಲಿ, ಪಿತೃಗಳಿಗೆ ಅನ್ನ ಮಾಂಸಗಳನ್ನೂ ಮದ್ಯವನ್ನೂ ಅರ್ಪಿಸುವುದಕ್ಕಾಗಿ ಎರಕ ಹೊಯ್ದ ಈ ಪಾತ್ರೆಗಳು ಇಂದು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ ಬರಿದಾಗಿ ನಿಂತಿವೆ. ನೋಡುವವರು ಹೊರಮೈಯನ್ನು ಮೆಚ್ಚಿ ಮುಂದೆ ಸಾಗುವರು. ವಿಮರ್ಶಕರಲ್ಲಿಯೂ ಅನೇಕರು ಹೊರಮೈಯಲ್ಲಿಯೇ ನಿಂತುಬಿಟ್ಟಿರುವರೆಂಬುದು ನಮ್ಮ ಆಕ್ಷೇಪಣೆ.

ಹೊರಮೈಯ ಆಕರ್ಷಣೆಯು ಪ್ರಬಲವಾದುದೆಂಬುದರಲ್ಲಿ ಸಂದೇಹವಿಲ್ಲ. ಷಾಂಗ್ ಪಾತ್ರೆಗಳ ಮೇಲೆ ಎರಡು ದೊಡ್ಡ ಕಣ್ಣುಗಳೂ ಕೊಂಬುಗಳೂ ಉಳ್ಳ ಮೃಗಮುಖವೊಂದು ಮತ್ತೆ ಮತ್ತೆ ಕಾಣಿಸುವುದು. ಅದನ್ನು ‘ತಾವೊತಿಯೆ’ ಎಂದು ಕರೆದವರು ಮಾಡಿದ ಕುಶಲಿಗಳಲ್ಲ. ಸುಮಾರು ಎರಡು ಸಾವಿರ ವರ್ಷಗಳ ತರುವಾಯ ಬಂದ ಸೋಂಗ್ ಕಾಲದ ಪಂಡಿತರು. ಈ ಮುಖದ ಅರ್ಥವೇನು? ಕಲೆಯ ಇತಿಹಾಸಕಾರನಾದ ಮ್ಯಾಕ್ಸ್ ಲೋಯರನು ಇದು ಕೇವಲ ರೇಖಾವಿನ್ಯಾಸ, ಇದರಲ್ಲಿ ಅರ್ಥವನ್ನು ಅರಸುವುದು ವ್ಯರ್ಥವೆಂದನು. ಕೆ. ಸಿ. ಚಾಂಗರು 1983ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಈ ಪ್ರಾಣಿಗಳು ಇಹಪರಗಳ ನಡುವೆ ಸಂಚರಿಸುವವರಿಗೆ ನೆರವಾಗುವ ದೂತರೆಂದು ವಾದಿಸಿದರು.

ಎರಡು ವಾದಗಳಲ್ಲಿಯೂ ಸತ್ಯಾಂಶವುಂಟು. ಈ ಪಾತ್ರೆಗಳನ್ನು ಮಾಡುವಾಗ ಜೇಡಿಮಣ್ಣಿನ ಮಾದರಿಯ ಸುತ್ತ ಮಣ್ಣಿನ ಅಚ್ಚನ್ನು ಒತ್ತಿ, ಅದನ್ನು ತುಂಡುತುಂಡಾಗಿ ಬಿಡಿಸಿ ಸುಟ್ಟು, ನಡುವೆ ಮಣ್ಣಿನ ತಿರುಳನ್ನಿಟ್ಟು ಮರಳಿ ಜೋಡಿಸಿ, ಉಳಿದ ತೆರಪಿಗೆ ಕರಗಿದ ಕಂಚನ್ನು ಹೊಯ್ಯುತ್ತಿದ್ದರು. ತುಂಡುಗಳ ಸಮಭಾಗವೇ ಮುಖದ ಸಮಪಾರ್ಶ್ವತೆಗೆ ಅನುಕೂಲವಾಯಿತು. ಇಷ್ಟರಮಟ್ಟಿಗೆ ಲೋಯರನ ದೃಷ್ಟಿಯು ಸಾಧುವಾದುದು. ಪೂಜಾವಿಧಿಯನ್ನು ಮರೆಯದಿದ್ದುದು ಚಾಂಗರ ಗುಣ. ಆದರೆ ಅಲಂಕಾರದ ಈ ಚರ್ಚೆಯಲ್ಲಿ ಇಬ್ಬರ ದೃಷ್ಟಿಯೂ ಮುಖದ ಮೇಲೆಯೇ ನೆಟ್ಟಿರುವುದು. ಪಾತ್ರೆಯು ಪಾತ್ರೆಯೆಂಬುದು ಹಿಂದೆ ಸರಿಯುವುದು.

ಅಲಂಕಾರವೇ ಈ ಪಾತ್ರೆಗಳ ಜೀವವಾಗಿದ್ದರೆ, ಅದು ಕ್ಷೀಣಿಸಿದೊಡನೆ ಪಾತ್ರೆಯ ಮರ್ಯಾದೆಯೂ ಕ್ಷೀಣಿಸಬೇಕಾಗಿದ್ದಿತು. ನಡೆದುದು ಹಾಗಲ್ಲ. 1976ರಲ್ಲಿ ಅನ್ಯಾಂಗಿನಲ್ಲಿ ಅಗೆಯಲಾದ, ಕ್ರಿ. ಪೂ. ಸುಮಾರು 1200ರ ಫೂ ಹಾವ್ ರಾಣಿಯ ಸಮಾಧಿಯಲ್ಲಿ 200ಕ್ಕೂ ಹೆಚ್ಚು ಪೂಜಾಪಾತ್ರೆಗಳು ದೊರೆತವು. ಮದ್ಯಕ್ಕೆ ಸಂಬಂಧಿಸಿದವು ಅವುಗಳಲ್ಲಿ ಬಹಳ. ಝೌ ಆಳಿಕೆಯ ನಡುಗಾಲದ ತರುವಾಯ ಮದ್ಯಪಾತ್ರೆಗಳು ಹಿಂದೆ ಸರಿದವು. ಮೃಗಮುಖವು ಅಳಿದು ಸರಳವಾದ ಅಲೆಯ ಪಟ್ಟಿಗಳು ಬಂದವು. ಮಾಂಸವನ್ನಿಡುವ ಡಿಂಗ್, ಧಾನ್ಯವನ್ನಿಡುವ ಗ್ವೇ ಎಂಬ ಪಾತ್ರೆಗಳ ಸಾಲುಗಳು ಪ್ರಧಾನವಾದವು. ಚಕ್ರವರ್ತಿಗೆ 9 ಡಿಂಗ್, ಸಾಮಂತನಿಗೆ 7, ಅವನ ಕೆಳಗಿನವರಿಗೆ 5 ಮತ್ತು 3 ಎಂಬ ಕ್ರಮವನ್ನು ಪರಂಪರೆಯು ಹೇಳುವುದು. 1978ರಲ್ಲಿ ಹೂಬೆ ಪ್ರಾಂತದಲ್ಲಿ ತೆರೆದ ಝೆಂಗ್ ಸಂಸ್ಥಾನದ ಯೀ ಎಂಬ ಸಣ್ಣ ಸಾಮಂತನ ಸಮಾಧಿಯಲ್ಲಿ 9 ಡಿಂಗ್‌ಗಳೂ 8 ಗ್ವೇಗಳೂ ಇದ್ದವು. ಅವನು ತನ್ನ ಆಕಾಂಕ್ಷೆಯನ್ನು ಪಾತ್ರೆಗಳ ಸಂಖ್ಯೆಯಲ್ಲಿ ಪ್ರಕಟಿಸಿದನು. ಬಿಡಿಯಾಗಿ ಒಂದು ಡಿಂಗನ್ನು ಎತ್ತಿಟ್ಟು ಮೆಚ್ಚುವವನಿಗೆ ಈ ಅರ್ಥವು ಸರ್ವಥಾ ಗೋಚರವಾಗದು.

ಇನ್ನು ಪಾತ್ರೆಯ ಒಳಮೈಯನ್ನು ನೋಡೋಣ. 1976ರಲ್ಲಿ ಶಾಂಕ್ಷಿ ಪ್ರಾಂತದ ಲಿಂಟಾಂಗಿನಲ್ಲಿ ದೊರೆತ ಗ್ವೇ ಒಂದರ ತಳದಲ್ಲಿ 30ಕ್ಕೂ ಮಿಕ್ಕ ಅಕ್ಷರಗಳಿವೆ. ವೂ ರಾಜನು ಷಾಂಗರನ್ನು ಜಯಿಸಿದುದನ್ನೂ, ಅದಾದ ಏಳು ದಿನಗಳಿಗೆ ಲೀ ಎಂಬ ಅಧಿಕಾರಿಯು ಅರಸನಿಂದ ಲೋಹವನ್ನು ಪಡೆದು ತನ್ನ ಪೂರ್ವಿಕನಿಗಾಗಿ ಪಾತ್ರೆಯನ್ನು ಮಾಡಿಸಿದುದನ್ನೂ ಅವು ತಿಳಿಸುವುವು. ಇಂತಹ ರಾಜ್ಯವಾರ್ತೆಯನ್ನು ಎಲ್ಲರಿಗೂ ಕಾಣುವಂತೆ ಹೊರಗೆ ಬರೆಯದೆ, ಅನ್ನದಿಂದ ಮುಚ್ಚಿಹೋಗುವ ತಳದಲ್ಲಿ ಬರೆದುದೇಕೆ? ಕೇಳಬೇಕಾದವನು ಉಣ್ಣಬೇಕಾದವನೇ ಆಗಿದ್ದುದರಿಂದ. ಪ್ರಾಚೀನ ವಿಧಿಗ್ರಂಥಗಳ ಪ್ರಕಾರ ಪಿತೃಪೂಜೆಯಲ್ಲಿ ಮೊಮ್ಮಗನೊಬ್ಬನು ಅಜ್ಜನ ಸ್ಥಾನದಲ್ಲಿ ಕುಳಿತು ಅರ್ಪಿಸಿದುದನ್ನು ಸ್ವೀಕರಿಸುತ್ತಿದ್ದನು. ಅನ್ನವು ತೀರಿದಂತೆ ಅಕ್ಷರಗಳು ಮೇಲೇಳುತ್ತಿದ್ದವು. ಸತ್ತವರಿಗೆ ಹೇಳಿದ ಮಾತು ಹೀಗೆ ಬಾಳಬೇಕಾದ ಎಳೆಯರ ಕಣ್ಣಿಗೆ ಬೀಳುತ್ತಿದ್ದಿತು. ಮಕ್ಕಳು ಮೊಮ್ಮಕ್ಕಳು ಚಿರಕಾಲ ಕಾಪಾಡಿ ಬಳಸಲೆಂಬ ಹಾರೈಕೆಯು ಅನೇಕ ಝೌ ಲೇಖಗಳ ಕೊನೆಯಲ್ಲಿ ಬರುವುದಾದರೂ ಇದಕ್ಕೆ ಅನುಗುಣವಾಗಿಯೇ ಇದೆ. ಆ ಹಾರೈಕೆಯಲ್ಲಿ ಬಳಕೆಯೂ ಸೇರಿರುವುದೆಂಬುದನ್ನು ವಾಚಕರು ಗಮನಿಸಬೇಕು.

ರಸಿಕರು ಹೊಗಳುವ ಹಸುರು ಬಣ್ಣವೂ ನೆಲದಲ್ಲಿ ಹೂತಿದ್ದಾಗ ಹತ್ತಿದ ಕಿಲುಬು. ಹೊಯ್ದ ದಿನ ಈ ಪಾತ್ರೆಗಳು ಹೊನ್ನಿನಂತೆ ಹೊಳೆಯುತ್ತಿದ್ದವು. ಕಿಲುಬನ್ನು ಮೆಚ್ಚುವುದು ದೋಷವಲ್ಲ. ಕಾಲವು ಮಾಡಿದುದನ್ನು ಕುಶಲಿಯ ಇಂಗಿತವೆಂದು ಭ್ರಮಿಸುವುದು ದೋಷ. ಷಾಂಗ್ ಝೌ ಕಾಲದ ಕಂಚು ಲೋಕದ ಶ್ರೇಷ್ಠ ಕಲೆಗಳಲ್ಲಿ ಒಂದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದರ ಶ್ರೇಷ್ಠತೆಯು ಉಪಯೋಗವನ್ನು ಮೀರಿದುದರಿಂದ ಬಂದುದಲ್ಲ, ಉಪಯೋಗಕ್ಕೆ ಸಂಪೂರ್ಣವಾಗಿ ತನ್ನನ್ನು ತೆತ್ತುದರಿಂದ ಬಂದುದು. ಮೃಗಮುಖದ ಅರ್ಥವನ್ನು ಕುರಿತ ವಾದವು ಮುಂದುವರಿಯಲಿ. ಅದಕ್ಕೆ ಮೊದಲು ಪಾತ್ರೆಯಲ್ಲಿ ಏನಿತ್ತು, ಅದರ ಪಕ್ಕದಲ್ಲಿ ಎಷ್ಟು ಪಾತ್ರೆಗಳಿದ್ದವು, ಅದರಿಂದ ಉಂಡವರು ಯಾರು ಎಂದು ವಿಮರ್ಶಕನು ಕೇಳುವುದು ಅವಶ್ಯ.