ಜೊಂಡಿನ ಹೆಸರು, ಪೊದೆಯ ಬದುಕು

ವೈಟ್‌ಫೀಲ್ಡ್‌ನ ಐಟಿ ಪಾರ್ಕುಗಳ ನಡುವೆ ಉಳಿದ ಪೊದೆಗಳಲ್ಲಿ ಚಳಿಗಾಲದಲ್ಲಿ ‘ಚಕ್, ಚಕ್’ ಸದ್ದು. ಹಕ್ಕಿ ಕಾಣುವುದು ಅಪರೂಪ. ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಕಂಡರೂ ಬರೀ ಕಂದು ಮೈ, ಗೆರೆ ಮಚ್ಚೆಗಳಿಲ್ಲ. ಇದರ ಬಿಳಿಚು ಹುಬ್ಬು ಗಿಡ್ಡ. ಹತ್ತಿರದ ನೆಂಟ ಪ್ಯಾಡಿಫೀಲ್ಡ್ ವಾರ್ಬ್ಲರ್‌ನದು ಕಣ್ಣಿನಾಚೆಗೂ ಚಾಚುತ್ತದೆ.

ಇಂಗ್ಲಿಷ್ ಹೆಸರಿನಲ್ಲಿ ಜೊಂಡಿದೆ, ಹಕ್ಕಿ ಇರುವುದು ಪೊದೆಯಲ್ಲಿ. 1849ರಲ್ಲಿ ಎಡ್ವರ್ಡ್ ಬ್ಲೈತ್ ಕೊಟ್ಟ ಲ್ಯಾಟಿನ್ ಹೆಸರು ‘ಡುಮೆಟೋರಮ್’, ಅಂದರೆ ಪೊದೆಗಳದ್ದು. ಒಂದು ಹೆಸರು ನೆಂಟಸ್ತಿಕೆ ಹೇಳಿದರೆ ಇನ್ನೊಂದು ಬದುಕನ್ನು ಹೇಳುತ್ತದೆ. ವರ್ಗೀಕರಣಕ್ಕೆ ಎರಡೂ ಬೇಕು.

ನಮ್ಮ ವಿಮರ್ಶೆಗೆ ಮೊದಲನೆಯದೇ ಸಾಕಾಗಿದೆ. ‘ನವ್ಯ’, ‘ಬಂಡಾಯ’ ಎಂದೊಡನೆ ಓದು ಮುಗಿಯುತ್ತದೆ. ನನ್ನ ಸಂಶೋಧನಾ ಪ್ರಬಂಧದ ಅಧ್ಯಾಯಗಳನ್ನೂ ಹಾಗೆಯೇ ಹಂಚಿದ್ದೆ. ಈಗ ಒಂದೊಂದು ಕವಿತೆಯ ದನಿ ಕೇಳಿಸಿಕೊಂಡು ಮತ್ತೆ ಬರೆಯುತ್ತಿದ್ದೇನೆ.