ಐದು ತಟ್ಟೆಗಳ ಸುತ್ತ ಒಂದು ಹಳ್ಳಿ ಶಾಲೆ

ಒಂದೇ ಕೋಣೆ, ಮೂರು ತರಗತಿ, ಒಬ್ಬರೇ ಟೀಚರು. ಸಣ್ಣ ಊರುಗಳ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದು ತೀರಾ ಮಾಮೂಲಿ ಸಂಗತಿ. ಮಕ್ಕಳ ಸಂಖ್ಯೆ ಇಳಿದ ಇಂಥ ಶಾಲೆಗಳ ಮಾತು ಬಂದಾಗಲೆಲ್ಲ ಮುಚ್ಚುವುದು, ಇಲ್ಲವೇ ಪಕ್ಕದೂರಿನ ಶಾಲೆಯೊಂದಿಗೆ ವಿಲೀನ ಮಾಡುವುದು ಎಂಬ ಎರಡೇ ದಾರಿ ಕೇಳಿಬರುತ್ತವೆ. ಸಣ್ಣ ಶಾಲೆಯನ್ನು ಸಣ್ಣದಾಗಿಯೇ ಚೆನ್ನಾಗಿ ನಡೆಸುವ ದಾರಿಯೊಂದನ್ನು ಕರ್ನಾಟಕದ ಶಿಕ್ಷಕರು ಮೂರು ದಶಕಗಳ ಹಿಂದೆಯೇ ಹಾಕಿಕೊಟ್ಟಿದ್ದಾರೆ. ಅದು ನಲಿ-ಕಲಿ. ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ; ಅದು ಸೊರಗಿದ್ದೇಕೆ ಎಂದು ಯಾರೂ ನೆಟ್ಟಗೆ ಕೇಳಿಲ್ಲ.

ಅದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಕಾಡಂಚಿನ ತಾಲ್ಲೂಕು, ಜೇನುಕುರುಬರ, ಕಾಡುಕುರುಬರ ಹಾಡಿಗಳಿರುವ ಸೀಮೆ. ಕೂಲಿಗೆಂದು ಕೊಡಗಿನ ಕಾಫಿ ತೋಟಗಳಿಗೆ ಹೊರಟ ಅಪ್ಪ ಅಮ್ಮನ ಹಿಂದೆ ಮಕ್ಕಳೂ ಹೋಗಿಬಿಡುತ್ತಾರೆ. ಅವರು ಮರಳಿ ಬರುವಷ್ಟರಲ್ಲಿ ಪುಸ್ತಕ ಹತ್ತು ಪಾಠ ಮುಂದೆ ಹೋಗಿರುತ್ತದೆ. ಏನೂ ತಿಳಿಯದ ಮಗು ಶಾಲೆಯ ಕಡೆ ಮುಖ ಹಾಕುವುದನ್ನೇ ಬಿಡುತ್ತದೆ. ಆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕಲಿಯುವ ಬಗೆ ನೋಡಿ ಬಂದರು. ನೋಡಿದ್ದನ್ನು ಹಾಗೆಯೇ ತಂದಿಳಿಸಲಿಲ್ಲ. ಕನ್ನಡಕ್ಕೆ ಹೊಂದುವಂತೆ ಕಾರ್ಡು ಬರೆದರು, ಹಾಡು ಕಟ್ಟಿದರು, ತಮ್ಮ ಮಕ್ಕಳ ಮುಂದೆ ಇಟ್ಟು ನೋಡಿ ತಿದ್ದಿದರು.

ನಲಿ-ಕಲಿ ತರಗತಿಯಲ್ಲಿ ಮಕ್ಕಳು ಗುಂಪುಗಳಾಗಿ ನೆಲದ ಮೇಲೆ ಐದು ತಟ್ಟೆಗಳ ಸುತ್ತ ಕೂರುತ್ತಾರೆ. ಮೊದಲ ತಟ್ಟೆಗೆ ಟೀಚರು ಪೂರ್ತಿ ಜೊತೆಗಿರಬೇಕು. ಎರಡನೆಯದಕ್ಕೆ ಆಗಾಗ ಬಂದುಹೋದರೆ ಸಾಕು. ಮೂರು, ನಾಲ್ಕನೆಯ ತಟ್ಟೆಗಳಲ್ಲಿ ಸಹಪಾಠಿಗಳ ನೆರವು. ಐದನೆಯದರಲ್ಲಿ ಮಗು ತಾನಾಗಿಯೇ ಕೆಲಸ ಮಾಡುತ್ತದೆ. ಗೋಡೆಗೆ ತೂಗುಹಾಕಿದ ಕಲಿಕಾ ಏಣಿಯಲ್ಲಿ ಚಿತ್ರದ ಗುರುತುಗಳಿರುವುದರಿಂದ ಓದಲು ಬಾರದ ಮಗುವೂ ತನ್ನ ಮೆಟ್ಟಿಲನ್ನು ತಾನೇ ಹುಡುಕಿ, ಕಾರ್ಡು ತೆಗೆದುಕೊಂಡು, ಸರಿಯಾದ ತಟ್ಟೆಗೆ ಹೋಗಿ ಕೂರುತ್ತದೆ. ಅಕ್ಷರಗಳು ಅ, ಆ, ಇ, ಈ ಎಂದು ಬರುವುದಿಲ್ಲ. ರ, ಗ, ಸ, ದ, ಅ ಎಂದು ಬರುತ್ತವೆ. ಈ ಐದೇ ಅಕ್ಷರಗಳಲ್ಲಿ ಸರ, ದರ, ಅಗಸ, ಅರಸ, ಗರಗಸ ಓದಬಹುದು. ವರ್ಣಮಾಲೆಯನ್ನೆಲ್ಲ ಉರು ಹೊಡೆದ ಮೇಲೆ ಸಿಗುತ್ತಿದ್ದ ಓದಿನ ಸುಖ ಮೊದಲ ಮೆಟ್ಟಿಲುಗಳಲ್ಲೇ ಕೈಗೆ ಬರುತ್ತದೆ. ತಲೆಯ ಮೇಲೆ ದಾರ ಎಳೆದು ಕಟ್ಟಿದ ಕಲಿಕಾ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು. ಗೋಡೆಯ ಬುಡದಲ್ಲಿ ಅವರ ಕೈಗೆಟಕುವ ಕಪ್ಪುಹಲಗೆ. ಕಾಫಿ ತೋಟದಿಂದ ಮರಳಿದ ಮಗು ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನನ್ನ ಮಟ್ಟಿಗೆ ನಲಿ-ಕಲಿಯ ಅತಿ ದೊಡ್ಡ ಕೊಡುಗೆ ಇದೇ. ಹಾಡು, ಕುಣಿತ, ಬಣ್ಣ ಎಲ್ಲ ಆಮೇಲಿನ ಮಾತು.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ವಿಸ್ತರಿಸಿತು. ಮೂರನೆಯದು ಆಮೇಲೆ ಸೇರಿತು. ಉದ್ದೇಶ ಒಳ್ಳೆಯದೇ. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಮಾಡಿಕೊಂಡದ್ದು ಉಳಿದ ಕಡೆ ಅಚ್ಚಾಗಿ ಬಂದಿಳಿಯಿತು. ಬೀದರಿನ ತೊಗರಿ ಹೊಲದ ಮಗುವಿಗೂ ಕರಾವಳಿಯ ತುಳು ಮನೆಮಾತಿನ ಮಗುವಿಗೂ ಒಂದೇ ಕಾರ್ಡು. ತಾವೇ ಬರೆದವರಿಗೆ ಹರಿದ ಕಾರ್ಡನ್ನು ಮತ್ತೆ ಬರೆದುಕೊಳ್ಳುವುದು ಸಹಜವಾಗಿತ್ತು. ಮೇಲಿನಿಂದ ಪಡೆದವರು ಮುಂದಿನ ಸರಬರಾಜಿಗೆ ಕಾಯುತ್ತಾರೆ, ಅಲ್ಲಿಯವರೆಗೆ ಏಣಿಯಲ್ಲಿ ಆ ಮೆಟ್ಟಿಲೇ ಇಲ್ಲ. ಇದರ ಮೇಲೆ ಬಿಸಿಯೂಟದ ಲೆಕ್ಕ, ಗಣತಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಟೀಚರು ಎದ್ದುಹೋದರೆ ಮೊದಲ ತಟ್ಟೆಯ ಪಾಠ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಉಳಿದ ನಾಲ್ಕರದೂ. ಅರವತ್ತು ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೂ ಏಕೋಪಾಧ್ಯಾಯ ಶಾಲೆಗಳು ಇನ್ನೂ ನಡೆಯುತ್ತಲೇ ಇವೆ. ಈ ವಿಧಾನವನ್ನು ಒಬ್ಬರೇ ಟೀಚರು ನಡೆಸಬಹುದು, ಅರ್ಧ ದಿನ ಕಡತಕ್ಕೆ ಕೊಟ್ಟ ಟೀಚರು ನಡೆಸಲಾರರು.

ಊರಿನವರಿಗೆ ಇದನ್ನು ತಿಳಿಹೇಳದೆ ಹೋದದ್ದು ಇನ್ನೂ ದೊಡ್ಡ ಲೋಪ. ಎಂದಿನ ಪಠ್ಯಪುಸ್ತಕವಿಲ್ಲ, ಬೆಂಚಿಲ್ಲ, ಪರೀಕ್ಷೆಯ ಅಂಕವಿಲ್ಲ. ಕಾನ್ವೆಂಟಿಗೆ ಹೋಗುವ ಪಕ್ಕದ ಮನೆ ಮಗು ಚೀಲದ ತುಂಬ ಪುಸ್ತಕ ಹೊತ್ತು ವ್ಯಾನ್ ಇಳಿಯುವಾಗ, ನಮ್ಮ ಹುಡುಗಿ ಬರೀ ಆಡಿಕೊಂಡು ಬರುತ್ತಾಳೆ ಎಂದು ತಾಯಿಗೆ ಅನಿಸಿದರೆ ಅವಳನ್ನು ದೂರಲಾಗದು. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಹುಟ್ಟಿದ್ದೇ ಪೋಷಕರ ಕೈಗೆ ಶಾಲೆಯನ್ನು ಕೊಡಲು. ಆ ಸಭೆಗಳಲ್ಲಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ಬೇಳೆಯ ಚರ್ಚೆ ನಡೆಯುತ್ತದೆ, ನಡೆಯಲೇಬೇಕು. ಒಂದು ಸಲವಾದರೂ ಪೋಷಕರನ್ನು ತಟ್ಟೆಗಳ ಸುತ್ತ ಕೂರಿಸಿ, ಅವರ ಮಗು ಏಣಿಯಲ್ಲಿ ಎಲ್ಲಿದೆ ಎಂದು ತೋರಿಸುವುದನ್ನು ಕಡ್ಡಾಯ ಮಾಡಬಹುದಿತ್ತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವಾಗ ತೋರಿದ ಉತ್ಸಾಹದ ಒಂದು ಪಾಲು ಇದಕ್ಕೆ ಸಾಕಿತ್ತು.

ನಲಿ-ಕಲಿಯೊಳಗೇ ಇರುವ ಒಂದು ತೊಡಕನ್ನೂ ಹೇಳಬೇಕು. ಮಗು ತನ್ನ ವೇಗದಲ್ಲಿ ಕಲಿಯಲಿ ಎಂಬ ಮಾತು ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕರಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ, ಒಂದೇ ದಿನ. ಏಣಿಯ ನಡುವೆ ಇದ್ದ ಮಗು ಅಲ್ಲಿ ತಡವರಿಸುತ್ತದೆ. ಆಗ ದೂರು ಬರುವುದು ಹಿಂದಿನ ಮೂರು ವರ್ಷಗಳ ಮೇಲೆ. ಕಿರಿಯ ಪ್ರಾಥಮಿಕ ಶಾಲೆ ಐದನೆಯವರೆಗೆ ಇರುವಾಗ ಏಣಿಯೂ ಐದನೆಯವರೆಗೆ ಹೋಗಬೇಕು. ಅದರ ಕಾರ್ಡುಗಳನ್ನು ಬೆಂಗಳೂರಿನಲ್ಲಿ ಬರೆಸುವುದು ಬೇಡ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಈಗಲೂ ನಡೆಯುತ್ತಿವೆ. ಸುತ್ತೋಲೆ ಓದುವ ಹೊತ್ತನ್ನು ಕಡಿಮೆ ಮಾಡಿ, ಅಲ್ಲಿ ಸೇರಿದ ಶಿಕ್ಷಕರ ಕೈಗೆ ಖಾಲಿ ರಟ್ಟು, ಬಣ್ಣ ಕೊಟ್ಟು, ತಮ್ಮ ಊರಿನ ಮಕ್ಕಳಿಗೆ ಬೇಕಾದದ್ದನ್ನು ಬರೆಯಲು ಲಿಖಿತ ಅನುಮತಿ ಕೊಡಲಿ.