ಬುಷ್ ಹೊಸದು, ಮೇಲಿನ ತಗಡು?

ಬಿಎಂಡಬ್ಲ್ಯು ಇ46 ಎಂ3 ಕಾರಿನ ಹಿಂದಿನ ಸಬ್‌ಫ್ರೇಮ್ ಇಳಿಸಿ, ಸವೆದ ರಬ್ಬರ್ ಬುಷ್‌ಗಳನ್ನು ಮನೆಯ ಗ್ಯಾರೇಜಿನಲ್ಲೇ ಬದಲಿಸುವುದು ಅಮೆರಿಕ, ಬ್ರಿಟನ್, ಜರ್ಮನಿಗಳ ಕಾರುಪ್ರಿಯರಲ್ಲಿ ಒಂದು ರೂಢಿಯೇ ಆಗಿದೆ. 2000ದಿಂದ 2006ರವರೆಗೆ ತಯಾರಾದ ಈ ಕಾರುಗಳಿಗೆ ಈಗ ಇಪ್ಪತ್ತು ದಾಟಿದ ವಯಸ್ಸು. ಚೆನ್ನಾಗಿ ನೋಡಿಕೊಂಡಿದ್ದರೆ ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿರುತ್ತದೆ, ಬಣ್ಣವೂ ಹೊಳೆಯುತ್ತದೆ. ರಬ್ಬರ್ ಮಾತ್ರ ಯಾರ ಮುಲಾಜಿಗೂ ಕಾಯುವುದಿಲ್ಲ. ಬಿಡಿಭಾಗಕ್ಕೆ ಕೊಡುವುದಕ್ಕಿಂತ ಹೆಚ್ಚು ಹಣ ವರ್ಕ್‌ಶಾಪಿನ ಕೂಲಿಗೇ ಹೋಗುವುದರಿಂದ ಮಾಲೀಕರು ತಾವೇ ಸ್ಪ್ಯಾನರ್ ಹಿಡಿಯುತ್ತಾರೆ. ಈ ರೂಢಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ನಡೆಯುತ್ತಿರುವ ರೀತಿಯ ಬಗ್ಗೆ ನನ್ನದೊಂದು ಗಟ್ಟಿ ತಕರಾರಿದೆ. ಬುಷ್ ಮೇಲೆ ಇಡುವ ಗಮನದ ಕಾಲುಭಾಗವನ್ನೂ ಅದರ ಮೇಲಿರುವ ತಗಡಿನ ಮೇಲೆ ಇಡುತ್ತಿಲ್ಲ.

ಡಿಫರೆನ್ಷಿಯಲ್ ಮತ್ತು ಹಿಂಚಕ್ರಗಳ ಆರ್ಮ್‌ಗಳನ್ನು ಹೊತ್ತಿರುವ ಉಕ್ಕಿನ ಚೌಕಟ್ಟೇ ಸಬ್‌ಫ್ರೇಮ್. ನಾಲ್ಕು ಮೂಲೆಗೆ ನಾಲ್ಕು ಬುಷ್, ಪ್ರತಿಯೊಂದರ ನಡುವೆ ಒಂದು ಬೋಲ್ಟ್. ಇಡೀ ಚೌಕಟ್ಟು ಕಾರಿನ ನೆಲಕ್ಕೆ ಸೇರುವುದು ಅಲ್ಲಿಯೇ. ಒಂದಕ್ಕೊಂದು ಹೊಂದದ ಎರಡು ಕೆಲಸಗಳನ್ನು ಬುಷ್ ಒಟ್ಟಿಗೆ ಮಾಡಬೇಕು. ಚೌಕಟ್ಟನ್ನು ಕದಲದಂತೆ ಹಿಡಿಯಬೇಕು, ರಸ್ತೆಯ ನಡುಕ ಮತ್ತು ಗೇರಿನ ಸದ್ದು ಒಳಗೆ ಬಾರದಂತೆ ತಡೆಯಲೂ ಬೇಕು. ಬೀಳುವ ಹೊರೆಯೇನು ಕಮ್ಮಿಯಲ್ಲ. ಎಂ3ಯ 3.2 ಲೀಟರ್ ಎಂಜಿನ್ನಿನ ಟಾರ್ಕ್ 365 ನ್ಯೂಟನ್ ಮೀಟರ್. ಫಸ್ಟ್ ಗೇರಿನ ಅನುಪಾತ 4.23, ಡಿಫರೆನ್ಷಿಯಲ್ಲಿನದು 3.62. ಗುಣಿಸಿ ನೋಡಿದರೆ ಹಿಂಚಕ್ರಗಳಿಗೆ ತಲುಪುವುದು 5,500 ನ್ಯೂಟನ್ ಮೀಟರಿಗೂ ಹೆಚ್ಚು. ಚಕ್ರಗಳನ್ನು ಅಷ್ಟು ಜೋರಾಗಿ ತಿರುಗಿಸುವ ಡಿಫರೆನ್ಷಿಯಲ್ ತಾನೂ ಅಷ್ಟೇ ಜೋರಾಗಿ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಅದರ ಮೂತಿ ಮೇಲೇಳುತ್ತದೆ, ಬಿಟ್ಟಾಗ ಇಳಿಯುತ್ತದೆ. ಪ್ರತಿ ಸಲವೂ ಆ ಎಳೆದಾಟ ಬುಷ್‌ಗಳ ಮೂಲಕ ಹೋಗಿ ಮುಟ್ಟುವುದು ಸ್ಪಾಟ್ ವೆಲ್ಡ್ ಮಾಡಿದ ನೆಲದ ತೆಳು ತಗಡಿಗೆ. ಆ ತಗಡು ಅಲ್ಲೇ ಬಿರುಕು ಬಿಡುವುದು ಇ46 ಕಾರುಗಳ ಪ್ರಸಿದ್ಧ ದೋಷ. ಅಮೆರಿಕದಲ್ಲಿ ಅದು ಕೋರ್ಟಿನವರೆಗೂ ಹೋಗಿತ್ತು.

ಮೊದಲ ಎಡವಟ್ಟು ಆಗುವುದು ರೋಗ ಗುರುತಿಸುವಾಗ. ಗೇರ್ ಬದಲಿಸಿದಾಗ ಹಿಂದೆ ‘ಟಕ್’ ಎಂದರೆ ಸಾಕು, ಸಬ್‌ಫ್ರೇಮ್ ಬುಷ್ ಹೋಗಿದೆ ಎಂದು ತೀರ್ಮಾನ. ಡಿಫರೆನ್ಷಿಯಲ್ಲಿನ ಸ್ವಂತ ಬುಷ್‌ಗಳು ಹರಿದರೂ ಅದೇ ಸದ್ದು ಬರುತ್ತದೆ. ತಿರುವಿನಲ್ಲಿ ಕಾಲೆತ್ತಿದ ಕೂಡಲೇ ಹಿಂಭಾಗ ತಾನೇ ಸ್ಟೀರಿಂಗ್ ತಿರುಗಿಸಿದ ಹಾಗೆ ಅನಿಸಿದರೆ, ಟಯರಿನ ಒಳಅಂಚು ಬೇಗ ಸವೆದರೆ, ಮೊದಲು ಸಂಶಯಪಡಬೇಕಾದದ್ದು ಟ್ರೇಲಿಂಗ್ ಆರ್ಮ್ ಬುಷ್‌ಗಳ ಮೇಲೆ. ಈ ಕಾರಿನಲ್ಲಿ ಅವು ಬಹಳ ಬೇಗ ಸೋಲುತ್ತವೆ, ಬದಲಿಸಲು ಸಬ್‌ಫ್ರೇಮ್ ಇಳಿಸಬೇಕಾಗಿಯೂ ಇಲ್ಲ. ಸನ್ನೆಕೋಲು ಹಾಕಿ ಒಂದೊಂದು ಕೀಲನ್ನೂ ಮೀಟಿ ನೋಡಿದರೆ ಯಾವುದು ಎಷ್ಟು ಅಲ್ಲಾಡುತ್ತಿದೆ ಎಂದು ತಿಳಿಯುತ್ತದೆ. ಅಷ್ಟು ಸಾವಧಾನವಿಲ್ಲದೆ ಶುರುಮಾಡಿದ ಕೆಲಸ ಮುಗಿದ ಮೇಲೂ ‘ಟಕ್’ ಹಾಗೇ ಉಳಿಯುವುದು ಸಾಮಾನ್ಯ.

ಇಳಿಸುವ ಕೆಲಸ ದೊಡ್ಡದು, ಆದರೆ ಗೂಢವೇನಲ್ಲ. ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ವೈರುಗಳನ್ನು ಬಿಚ್ಚಬೇಕು. ಕ್ಯಾಲಿಪರ್‌ಗಳನ್ನು ಬ್ರೇಕ್ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ತೂಗುಹಾಕಬೇಕು. ಸ್ಪ್ರಿಂಗ್ ತೆಗೆದು, ಜಾಕ್ ಮೇಲೆ ಚೌಕಟ್ಟನ್ನು ಕೂರಿಸಿ ನಾಲ್ಕು ಬೋಲ್ಟ್ ಬಿಚ್ಚಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಾಡುಗಳಲ್ಲಿ ಈ ಬೋಲ್ಟ್‌ಗಳೇ ಅರ್ಧ ಜೀವ ತಿನ್ನುತ್ತವೆ. ಕಾರು ಸ್ಟ್ಯಾಂಡಿನ ಮೇಲೆ ನಿಂತಿರಬೇಕೇ ಹೊರತು ಜಾಕ್ ಮೇಲಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಳೆಯ ಬುಷ್ ಹೊರತೆಗೆಯುವಲ್ಲಿ ಕೈಚಳಕ ಬೇಕು. ದಪ್ಪ ಥ್ರೆಡ್ ರಾಡ್, ಒಂದು ತುಂಡು ಪೈಪು, ದಪ್ಪ ವಾಷರ್, ನಟ್ಟಿನಡಿ ಒಂದು ಬೇರಿಂಗ್: ಇಷ್ಟಿದ್ದರೆ ಮನೆಯಲ್ಲೇ ಪುಲ್ಲರ್ ಸಿದ್ಧ. ಮೆತ್ತನೆಯ ಕಬ್ಬಿಣದ ರಾಡ್ ಬೇಡ, ಥ್ರೆಡ್ ಕಚ್ಚುತ್ತದೆ, ತುಂಡಾದರೆ ಸಿಡಿಯುತ್ತದೆ. ಕೆಲವರು ರಬ್ಬರಿಗೆ ಬೆಂಕಿಯಿಟ್ಟು ಸುಟ್ಟು ತೆಗೆಯುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹೊಗೆ ವಿಷ, ಬಣ್ಣ ಸುಟ್ಟ ಉಕ್ಕಿಗೆ ತುಕ್ಕು ಬೇಗ, ಪಕ್ಕದಲ್ಲೇ ಡಿಫರೆನ್ಷಿಯಲ್ ಇದ್ದರೆ ಅದರ ಸೀಲುಗಳಿಗೂ ಕುತ್ತು. ಡ್ರಿಲ್ ಹಾಕಿ ರಬ್ಬರನ್ನು ಸಡಿಲಿಸಿ, ಉಳಿದ ಕವಚವನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಸೀಳಿ ಒಳಕ್ಕೆ ಮಡಚುವುದು ನಿಧಾನ, ಆದರೆ ಚೊಕ್ಕ.

ಡೆಟ್ರಾಯಿಟ್ ಹತ್ತಿರ ಗೆಳೆಯರೊಬ್ಬರ ಗ್ಯಾರೇಜಿನಲ್ಲಿ ಹಾಗೆ ತೆಗೆದ ಬುಷ್ ಒಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಹೊರಗಿನಿಂದ ಏನೂ ಆಗಿಲ್ಲ ಎನ್ನುವಂತಿತ್ತು. ಬೆರಳಿನಿಂದ ಒತ್ತಿದಾಗ ರಬ್ಬರು ಒಳಗಿನ ಲೋಹದ ಕೊಳವೆಯಿಂದ ಬಿದಿಗೆ ಚಂದ್ರನಷ್ಟು ಬಿಟ್ಟುಕೊಂಡು ಬಾಯಿ ತೆರೆಯಿತು. ಒಳಗಡೆ ಹಳೆಯ ಮಣ್ಣು, ಉಜ್ಜಿ ಹೊಳೆದ ಉಕ್ಕು. ಆಮೇಲೆ ಗೆಳೆಯರು ಅದೇ ಬುಷ್ ಇದ್ದ ಮೂಲೆಯ ಮೇಲಿನ ತಗಡಿಗೆ ಲೈಟ್ ಹಿಡಿದರು. ಅಂಡರ್‌ಕೋಟಿಂಗನ್ನು ವೈರ್ ಬ್ರಷ್ಷಿನಲ್ಲಿ ಕೆರೆದ ಮೇಲೆ, ಸ್ಪಾಟ್ ವೆಲ್ಡಿನ ಅಂಚಿನಿಂದ ಹೊರಟ ಕೂದಲೆಳೆಯ ಗೆರೆ ಕಂಡಿತು. ಗೆರೆಯುದ್ದಕ್ಕೂ ಕಂದು ಬಣ್ಣ ಒಸರಿತ್ತು. ಕೆರೆಯದಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಕೆಲಸದ ಬಹುಪಾಲು ಬೆಲೆ ಇರುವುದು ಇಲ್ಲೇ. ಸಬ್‌ಫ್ರೇಮ್ ಕೆಳಗಿಳಿದಿರುವ ಹೊತ್ತಿನಲ್ಲಿ ಮಾತ್ರ ಕಾರಿನ ಆ ನೆಲ ಪೂರ್ತಿ ಕಣ್ಣಿಗೆ ಬೀಳುತ್ತದೆ. ಬಿರುಕು ಸಣ್ಣದಿದ್ದರೆ ಅದರ ತುದಿಯಲ್ಲಿ ತೂತು ಕೊರೆದು, ಬೆಸೆದು, ಮೌಂಟ್ ಸುತ್ತ ಬಲಪಡಿಸುವ ಉಕ್ಕಿನ ಪ್ಲೇಟ್ ಕೂರಿಸಬಹುದು. ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಕೆಳಗೆ, ಅಂದರೆ ಕೈಯಳತೆಯಲ್ಲೇ. ಆದ್ದರಿಂದ ಬುಷ್ ಬದಲಾವಣೆ ಮನೆಗೆಲಸವಾದರೂ ವೆಲ್ಡಿಂಗ್ ಅನುಭವಿಗಳ ಕೈಗೇ ಹೋಗಬೇಕು. ಇಷ್ಟು ಮುಖ್ಯವಾದ ಪರೀಕ್ಷೆಯನ್ನು ಎಷ್ಟೋ ವಿಡಿಯೊಗಳು ಟಾರ್ಚ್ ಆಡಿಸಿ ‘ಸರಿಯಾಗಿದೆ’ ಎಂದು ಮುಗಿಸಿ, ಹೊಸ ಬುಷ್‌ನ ಬಣ್ಣ ತೋರಿಸಲು ಓಡುತ್ತವೆ. ನೋಡಿದವರು ಅದನ್ನೇ ಕಲಿಯುತ್ತಾರೆ. ಇದು ನನಗೆ ನಿಜವಾಗಿ ನೋವಿನ ವಿಷಯ.

ಬಣ್ಣದ ಮಾತು ಬಂತು. ಹಳೆಯ ರಬ್ಬರಿನ ಜಾಗಕ್ಕೆ ಪಾಲಿಯುರಿಥೇನ್ ಅಥವಾ ಅಲ್ಯೂಮಿನಿಯಂ ಹಾಕುವುದೇ ‘ಅಪ್‌ಗ್ರೇಡ್’ ಎಂಬ ನಂಬಿಕೆ ಬೇರೂರಿದೆ. ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ಈ ತರ್ಕ ರಬ್ಬರಿನ ಜಾಣ್ಮೆಯನ್ನು ಕಡೆಗಣಿಸುತ್ತದೆ. ಮೂಲ ಬುಷ್‌ನಲ್ಲಿ ಬೇಕೆಂದೇ ಬಿಟ್ಟ ಪೊಳ್ಳುಗಳಿರುತ್ತವೆ. ಅವುಗಳಿಂದ ಬುಷ್ ಒಂದು ದಿಕ್ಕಿಗೆ ಮೆತ್ತಗೂ ಇನ್ನೊಂದು ದಿಕ್ಕಿಗೆ ಗಡುಸಾಗಿಯೂ ವರ್ತಿಸುತ್ತದೆ. ಹಾಗಾಗಿಯೇ ಕೂರಿಸುವಾಗ ಗುರುತಿಗೆ ಗುರುತು ಹೊಂದಿಸಬೇಕು. ಎಲ್ಲ ದಿಕ್ಕಿಗೂ ಒಂದೇ ಸಮ ಗಟ್ಟಿಯಾದ ಪಾಲಿ ಉರುಳೆಯಲ್ಲಿ ಆ ವಿವೇಕ ಉಳಿಯುವುದಿಲ್ಲ. ಅಲ್ಯೂಮಿನಿಯಂ ಹಾಕಿದರಂತೂ ಡಿಫರೆನ್ಷಿಯಲ್ಲಿನ ಸಿಳ್ಳು ನೇರ ಕಿವಿಗೆ.

ಎದುರು ಪಕ್ಷದಲ್ಲೂ ಹುರುಳಿದೆ. ಸವೆದ ರಬ್ಬರ್ ಚೌಕಟ್ಟಿಗೆ ಓಡಿಬಂದು ಗುದ್ದಲು ಜಾಗ ಕೊಡುತ್ತದೆ, ಗಟ್ಟಿ ಬುಷ್ ಆ ಗುದ್ದನ್ನು ನಿಲ್ಲಿಸುತ್ತದೆ ಎನ್ನುತ್ತಾರೆ. ಪ್ಲೇಟ್ ಬೆಸೆದು ನೆಲ ಬಲಪಡಿಸಿದ ರೇಸ್ ಕಾರಿಗೆ ಈ ಮಾತು ಒಪ್ಪುತ್ತದೆ. ದಿನಾ ಆಫೀಸಿಗೆ ಹೋಗುವ, ನೆಲದ ತಗಡನ್ನು ಬಲಪಡಿಸದ ಕಾರಿಗೆ ಒಪ್ಪುವುದಿಲ್ಲ. ಅಲ್ಲಿ ಗುದ್ದು ನಿಲ್ಲಿಸಲು ಹೊಸ ರಬ್ಬರೇ ಸಾಕು. ರಬ್ಬರು ನುಂಗುತ್ತಿದ್ದ ಏಟನ್ನು ಬಿರುಕು ಬಿಡಲು ಮೊದಲೇ ಹೆಸರಾದ ತಗಡಿಗೆ ದಾಟಿಸುವುದರಲ್ಲಿ ನನಗೆ ಯಾವ ಸುಧಾರಣೆಯೂ ಕಾಣುವುದಿಲ್ಲ. ಮೂಲ ರಬ್ಬರ್ ಇಪ್ಪತ್ತು ವರ್ಷ ಬಾಳಿದೆ. ಅದಕ್ಕಿಂತ ದೊಡ್ಡ ಶಿಫಾರಸು ಬೇಕೇ?

ಕೊನೆಯ ಹಂತದಲ್ಲೂ ಆತುರ ಕಾಣುತ್ತದೆ. ಸಬ್‌ಫ್ರೇಮ್ ಬೋಲ್ಟ್‌ಗಳನ್ನು ಕಾರು ಮೇಲಿರುವಾಗಲೇ ಟಾರ್ಕ್ ರೆಂಚಿನಿಂದ ಬಿಗಿಯಬಹುದು, ಅಲ್ಲಿ ತಿರುಗುವ ಕೀಲಿಲ್ಲ. ಆರ್ಮ್‌ಗಳ ಬೋಲ್ಟ್‌ಗಳಿಗೆ ಆ ನಿಯಮ ಸಲ್ಲದು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ಹೊಸ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬಿಎಂಡಬ್ಲ್ಯು ಪದ್ಧತಿಯಲ್ಲಿ ಅಲೈನ್‌ಮೆಂಟಿಗೆ ಮುನ್ನ ಮುಂದಿನ ಎರಡು ಸೀಟಿಗೂ ಹಿಂದಿನ ಸೀಟಿನ ನಡುವಿಗೂ ತಲಾ 68 ಕಿಲೊ, ಡಿಕ್ಕಿಗೆ 21 ಕಿಲೊ ಭಾರ ಇಟ್ಟು, ಟ್ಯಾಂಕ್ ತುಂಬಿಸುತ್ತಾರೆ. ಮನೆಯಲ್ಲಿ ಮರಳಿನ ಚೀಲ ಸಾಕು. ಆರ್ಮ್ ಬೋಲ್ಟ್‌ಗಳನ್ನು ಭಾರಕ್ಕೆ ಕಾರು ತಗ್ಗಿ ನಿಂತ ಆ ಎತ್ತರದಲ್ಲೇ ಬಿಗಿದು, ಅಲ್ಲಿಂದ ನೇರ ಅಲೈನ್‌ಮೆಂಟ್ ಅಂಗಡಿಗೆ ಹೋಗಬೇಕು. ಚೌಕಟ್ಟು ಕೆಲವು ಮಿಲಿಮೀಟರ್ ಸರಿದು ಕೂತಿದ್ದರೂ ಹಿಂಚಕ್ರಗಳ ಕೋನ ಬದಲಾಗಿರುತ್ತದೆ.